ಹೆಜ್ಜೇನಿನ ಬಂಡೆ, ಸೆಂಟಿನ ಬಾಟಲಿ

ಹತ್ತಿರ ಬನ್ನಿ, ಇದು ನಿಮ್ಮ ಕಿವಿಗೆ ಮಾತ್ರ. ಯಾರಿಗಾದರೂ ಹೇಳಿದರೆ ನನ್ನ ಮೇಲಾಣೆ.

ಮೊನ್ನೆ ನಮ್ಮ ಬೀದಿಯವರೆಲ್ಲ ವ್ಯಾನು ಮಾಡಿಕೊಂಡು ಅರ್ಧ ದಿನದ ಮಟ್ಟಿಗೆ ಬೆಟ್ಟದ ಹಳ್ಳಿಗಳನ್ನು ನೋಡಲು ಹೋಗಿದ್ದೆವು. ಮೊದಲು ಸೆಂಟಿನ ಕಾರ್ಖಾನೆಗೆ ಕರೆದೊಯ್ದರು. ಹೊರಡುವಾಗ ನೋಡಿದರೆ ಬಾಟಲಿ ಕಡಿಮೆ! ಮ್ಯಾನೇಜರು, ಕಾರ್ಖಾನೆಯವರೇ ನಮಗೆ ಕೊಟ್ಟಿದ್ದ ಗೈಡ್ ಹುಡುಗಿಯ ಮೇಲೆ ಹಾರಾಡಿದ. "ಸಂಜೆಯೊಳಗೆ ಮಾಲು ತರದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ." ಪಕ್ಕದ ಮನೆ ಪಂಕಜಳ ಗಂಡ, ರಿಟೈರಾದ ಆಫೀಸರು, ಮೀಸೆ ತಿರುವಿ ಅವಳ ಮೇಲೆ ಗುಡುಗಿದರು. "ನಮ್ಮ ಬ್ಯಾಗ್ ಮುಟ್ಟಿ ನೋಡು, ನಿನ್ನ ಕಂಪನಿಯನ್ನೇ ಮುಚ್ಚಿಸ್ತೀನಿ!"

ಹುಡುಗಿ ನಮ್ಮನ್ನೆಲ್ಲ ವ್ಯಾನು ಹತ್ತಿಸಿದಳು. ಜೇನು ಕೀಳುವವರ ಹಳ್ಳಿಯ ಹತ್ತಿರ ವ್ಯಾನು ನಿಲ್ಲಿಸಿದಳು. ಎದುರಿಗೆ ಬಂಡೆ ತುಂಬ ಹೆಜ್ಜೇನು.

"ಇಲ್ಲಿನವರು ಹೂವು ಮುಡಿದುಕೊಂಡೂ ಈ ಕಡೆ ಬರಲ್ಲ. ಸೆಂಟಿನ ವಾಸನೆ ಬಡಿದರೆ ಹುಳ ಅಟ್ಟಾಡಿಸಿ ಕಚ್ಚುತ್ತೆ. ಯಾರ ಹತ್ತಿರವಾದರೂ ಇದ್ದರೆ ಈ ಬುಟ್ಟಿಗೆ ಹಾಕಿ ಇಳಿಯಿರಿ. ನಾನು ಆ ಕಡೆ ತಿರುಗಿರ್ತೀನಿ."

ಎಂಥ ಜಾಣೆ ನೋಡಿ! ಯಾರನ್ನೂ ಕಳ್ಳ ಅನ್ನಲಿಲ್ಲ, ಯಾರ ಬ್ಯಾಗನ್ನೂ ಮುಟ್ಟಲಿಲ್ಲ. ಆಫೀಸರು ಬೆವರುತ್ತಾ ಕೋಟಿನೊಳಗಿಂದ ಬಾಟಲಿ ತೆಗೆದು ಬುಟ್ಟಿಗೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ಬುಟ್ಟಿ ಕಾರ್ಖಾನೆಗೆ ಹೋಯಿತು, ಹುಡುಗಿಯ ಕೆಲಸ ಉಳಿಯಿತು.

ಇದನ್ನು ಪಂಕಜಳಿಗೆ ಹೇಳದೆ ಇರಲು ಆಗುತ್ತಾ? ಹೇಳಿದೆ. ಅವಳು ನನ್ನ ಮುಖ ನೋಡಿಕೊಂಡೇ ಅಂದಳು:

"ಇಳಿಯುವಾಗ ನಾನೂ ನೋಡಿದೆ, ಬುಟ್ಟಿಯಲ್ಲಿ ಎರಡು ಬಾಟಲಿ ಇದ್ದವು, ದೊಡ್ಡಮ್ಮ. ನಮ್ಮ ಯಜಮಾನರು ಹಾಕಿದ್ದು ಒಂದೇ."