ಜಗಲಿಯ ಮೇಲಿನ ಹಸಿ ಮಡಕೆ

ಮಣ್ಣಿನಲ್ಲಿ ಮೊಳಕೆಯಾಗಿ, ನೀರಿನಲ್ಲಿ ತಂಪಾಗಿ, ಬೆಂಕಿಯಲ್ಲಿ ಕಾವಾಗಿ ಇರುವ ಭಗವಂತನಿಗೆ ಮೊದಲು ಶರಣು. ನಮ್ಮ ಗುರುಗಳ ಬಾಯಿಂದ ಬಂದ ಕತೆ ಇದು. ಅವನ ದಯೆಯಿದ್ದರೆ, ಕೇಳಿದ ಹಾಗೆಯೇ ಹೇಳಿಯೇನು.

ಒಂದು ಸಂಜೆ ಚೆನ್ನವೀರನೆಂಬ ಶಿಷ್ಯ ಸಂತೆಯಿಂದ ಬಂದು, ಬಟ್ಟೆಯ ಚೀಲವನ್ನು ಕಂಬಕ್ಕೆ ಒರಗಿಸಿ, ಗುರುಗಳ ಮುಂದೆ ಕುಳಿತ.

"ಬುದ್ಧಿ, ಪ್ಲಾಸ್ಟಿಕ್ ಕವರು ಬೇಡವೆಂದು ನಾನು ಪ್ರತಿ ಸಂತೆಗೂ ಚೀಲ ಒಯ್ಯುತ್ತೇನೆ. ಎಣ್ಣೆಗೆ ಮಠದ ಡಬ್ಬಿಯನ್ನೇ ಒಯ್ಯುತ್ತೇನೆ. ಇವತ್ತು ತರಕಾರಿಯವನು ನಕ್ಕುಬಿಟ್ಟ. 'ಇಡೀ ಸಂತೆ ಕವರು ಹಿಡಿದು ಹೋಗುತ್ತಿದೆ ಸ್ವಾಮಿ, ನಿಮ್ಮದೊಂದು ಚೀಲದಿಂದ ಭೂಮಿಯ ಭಾರ ಇಳಿಯಿತೇ' ಎಂದ. ನಾನೊಬ್ಬ ಮಾಡಿದರೆ ಏನಾದೀತು?"

ಗುರುಗಳು ಚೀಲದೊಳಗೆ ಇಣುಕಿ, "ಸೌತೆಕಾಯಿ ಎಳೆಯವು ಸಿಕ್ಕಿವೆ" ಎಂದರು. ಆಮೇಲೆ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಊರಿನ ಮನೆಗಳಿಗೆಲ್ಲ ಪ್ಲಾಸ್ಟಿಕ್ ಕೊಡ ಬಂದ ಮೇಲೆ ಅವನ ಮಡಕೆ ಕೇಳುವವರಿರಲಿಲ್ಲ. ಮಡಕೆ ಸುಡುವ ಆವಿಗೆ ತಣ್ಣಗೆ ಬಿದ್ದಿತ್ತು. ಮಣ್ಣು ತಿರುಗಿಸುವ ಚಕ್ರ ಗೋಡೆಗೆ ಒರಗಿತ್ತು. ಮೊದಲ ಮಳೆ ಬಿದ್ದೊಡನೆ ಆವಿಗೆಯನ್ನು ಒಡೆದು, ಜಾಗ ಸಮ ಮಾಡಿ, ಅಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಡುವುದೆಂದು ಅವನು ನಿಶ್ಚಯಿಸಿದ್ದ. ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಹೊಟ್ಟೆ ನಡೆಯಬೇಕಿತ್ತು.

ಅದೇ ಊರಿನಲ್ಲಿ ಮೊಸರು ಮಾರುವವಳೊಬ್ಬಳಿದ್ದಳು. ಅವಳೂ ಪ್ಲಾಸ್ಟಿಕ್ ಲೋಟಗಳಲ್ಲಿಯೇ ಮೊಸರು ಮಾರುತ್ತಿದ್ದಳು. ಒಂದು ದಿನ ಅವಳ ಹಸು ಹೊಟ್ಟೆ ಉಬ್ಬಿ ಮಲಗಿತು. ದನದ ಡಾಕ್ಟರು ಬಂದು ಹೊಟ್ಟೆ ಕೊಯ್ದರು. ದೇವರು ದೊಡ್ಡವನು, ಹಸು ಬದುಕಿತು. ಆದರೆ ಹೊಟ್ಟೆಯಿಂದ ಹೊರಬಂದದ್ದು ಅವಳೇ ಮಾರಿದ ಲೋಟಗಳು.

ಅವಳು ಕುಂಬಾರನ ಮನೆಗೆ ಹೋಗಿ ಒಂದು ಮೊಸರಿನ ಮಡಕೆ ಕೇಳಿದಳು.

ಕುಂಬಾರ ನಕ್ಕ. "ಅಕ್ಕಾ, ಅರೆಬರೆ ತುಂಬಿದ ಆವಿಗೆಯಲ್ಲಿ ಕಾವು ನಿಲ್ಲುವುದಿಲ್ಲ. ಮಡಕೆಗೆ ಮಡಕೆ ತಾಗಿಕೊಂಡು ಕೂತರೆ ತಾನೇ ಬೇಯುವುದು? ನಿನ್ನದೊಂದಕ್ಕೆ ಅಷ್ಟು ಸೌದೆ ಒಟ್ಟಿದರೆ ನನ್ನ ಹೆಂಡತಿ ನನ್ನನ್ನೇ ಅದರೊಳಗೆ ಕೂರಿಸುತ್ತಾಳೆ."

"ಸುಡು ಎಂದು ಯಾರು ಹೇಳಿದರು ಅಣ್ಣ? ಮಾಡಿ, ಹಸಿಯದನ್ನೇ ಜಗಲಿಯ ಮೇಲಿಡು. ಜೊತೆ ಬರುವವರೆಗೆ ನಾನು ಕಾಯುತ್ತೇನೆ."

"ಮಳೆಯವರೆಗೆ ಮಾತ್ರ. ಅಷ್ಟರೊಳಗೆ ಆವಿಗೆ ತುಂಬದಿದ್ದರೆ ನಿನ್ನ ಮಡಕೆ ಮತ್ತೆ ಮಣ್ಣಿಗೆ, ಆಮೇಲೆ ನನ್ನನ್ನು ಬಯ್ಯಬೇಡ" ಎಂದು ಕುಂಬಾರ ಚಕ್ರ ಇಳಿಸಿದ.

ಮಡಕೆ ಜಗಲಿಯ ಮೇಲೆ ಕೂತಿತು. ಬೆಳಿಗ್ಗೆ ಮೊಸರು ಮಾರಲು ಹೊರಟವಳು ದಿನವೂ ಅಲ್ಲಿ ನಿಂತು, ಬಿಸಿಲು ತಾಗಿದ್ದರೆ ಬಿರುಕು ಬಿಡದಂತೆ ಅದನ್ನು ನೆರಳಿಗೆ ಸರಿಸಿ ಹೋಗುತ್ತಿದ್ದಳು. ಲೋಟದಲ್ಲಿ ಮಾರುವುದನ್ನು ನಿಲ್ಲಿಸಿದ್ದರಿಂದ ಮನೆಯ ಪಾತ್ರೆ ತಂದವರಿಗಷ್ಟೇ ಮೊಸರು. ಕೆಲವರು ಗೊಣಗಿದರು. ಕೆಲವರು ಪಾತ್ರೆ ತಂದರು.

ಒಬ್ಬ ದಿನಸಿ ವರ್ತಕ ಇದನ್ನು ನೋಡುತ್ತಲೇ ಇದ್ದ. "ಏನಮ್ಮಾ, ನಿನ್ನ ಮಡಕೆಗೆ ಮದುವೆಯ ವಯಸ್ಸು ಮೀರುತ್ತಿದೆ. ಇನ್ನೂ ಕನ್ಯೆಯೇ?" ಎಂದ.

"ಹೌದು ಯಜಮಾನರೇ, ಸಂಬಂಧ ಕೂಡಿಬರಲಿಲ್ಲ. ನಿಮ್ಮ ಮನೆಯಿಂದ ಒಂದು ವರ ಕೊಡಬಾರದೇ?"

ಕಟ್ಟೆಯ ಮೇಲಿದ್ದವರು ನಕ್ಕರು. ವರ್ತಕನೂ ನಕ್ಕ. ನಕ್ಕ ಮೇಲೆ ಸುಮ್ಮನೆ ಹೋಗಲಾಗದೆ, ತನ್ನ ಅಂಗಡಿಗೆ ನೀರಿನ ಮಡಕೆಯೊಂದನ್ನು ಮಾಡಲು ಕುಂಬಾರನಿಗೆ ಹೇಳಿದ. ಅದು ಜಗಲಿಗೆ ಬಂದ ಮೇಲೆ, ನಕ್ಕವರಲ್ಲಿ ಒಬ್ಬ ಹೆಂಡತಿಗಾಗಿ ಸಾರಿನ ಗಡಿಗೆ ಹೇಳಿದ. ಚಹಾದವನು ಕುಡಿಕೆಗಳನ್ನು ಕೇಳಿದ. ದೇವಸ್ಥಾನದವರು ದಾರಿಹೋಕರಿಗೆ ನೀರಿಡಲು ದೊಡ್ಡ ಹರವಿ ಹೇಳಿ ಕಳಿಸಿದರು. ಜಗಲಿ ತುಂಬಿ ಹಸಿ ಮಡಕೆಗಳು ಪಡಸಾಲೆಗೆ ಬಂದವು.

ಆದರೂ ಆವಿಗೆಯಲ್ಲಿ ಒಂದು ಮೂಲೆ ಖಾಲಿ ಉಳಿಯಿತು. ಆಕಾಶದಲ್ಲಿ ಮೋಡ ಕಟ್ಟತೊಡಗಿತು. ಕುಂಬಾರ ಮನೆ ಮನೆಗೆ ಹೋಗಿ, "ಇನ್ನು ಸ್ವಲ್ಪ ಸಾಕು, ನಿಮ್ಮದೂ ಒಂದಿರಲಿ" ಎಂದು ಕೇಳಿದ. ಬೇಕೆಂದವರು ಆಗಲೇ ಹೇಳಿಯಾಗಿತ್ತು. ಅವನು ಸೋತು ಮನೆಗೆ ಬಂದು ಕುಡಿಯಲು ನೀರು ಕೇಳಿದ.

ಹೆಂಡತಿ ಅಡಿಗೆಮನೆಯಿಂದ ಪ್ಲಾಸ್ಟಿಕ್ ಕೊಡವನ್ನೇ ಎತ್ತಿ ತಂದು ಅವನ ಮುಂದಿಟ್ಟಳು.

"ಊರೆಲ್ಲ ಕೇಳಿ ಬಂದಿರಿ. ಈ ಮನೆಯಲ್ಲಿ ಕೇಳಿದಿರಾ?"

ಕುಂಬಾರ ನೀರು ಕುಡಿಯಲಿಲ್ಲ. ಎದ್ದು ಚಕ್ರದ ಮುಂದೆ ಕುಳಿತ. ತನ್ನ ಮನೆಗೆ ಬೇಕಾದ ಮಡಕೆ, ಗಡಿಗೆ, ಮುಚ್ಚಳಗಳನ್ನೆಲ್ಲ ಮಾಡಿದ. ಹೆಂಡತಿ ಅವನ್ನು ಒಲೆಯ ಬಳಿ ಇಟ್ಟು ಒಣಗಿಸಿದಳು. ಖಾಲಿ ಮೂಲೆ ತುಂಬಿತು. ಆವಿಗೆ ಹೊತ್ತಿತು. ದೇವರು ಮೋಡವನ್ನು ಹಿಡಿದಿಟ್ಟಿದ್ದ. ಬೆಂಕಿ ಆರಿ, ಬೆಂದ ಮಡಕೆಗಳು ಮನೆ ಸೇರಿದ ಮೇಲೆ ಮಳೆ ಸುರಿಯಿತು.

ಮಳೆ ಬಿದ್ದರೂ ಕುಂಬಾರ ಆವಿಗೆ ಒಡೆಯಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಅವನ ಜಗಲಿಯ ಮೇಲೆ ಮತ್ತೆ ಹಸಿ ಮಡಕೆಗಳು ಕೂತಿದ್ದವು. ಈ ಸಲ ಮೊಸರಿನವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿ, ಬಟ್ಟೆಯ ಚೀಲವನ್ನು ಚೆನ್ನವೀರನ ತೊಡೆಯ ಮೇಲಿಟ್ಟರು.

"ಆವಿಗೆಯನ್ನು ತುಂಬಿಸಿದ ಮಡಕೆ ಯಾವುದು, ಹೇಳು."

ಕುಂಬಾರನ ಮನೆಯದು ಎನ್ನಲು ಚೆನ್ನವೀರ ಬಾಯಿ ತೆರೆದ. ಆಗ ಜಗಲಿಯ ಮೇಲೆ ಒಂಟಿಯಾಗಿ ಕಾದ ಮೊದಲ ಮಡಕೆ ನೆನಪಾಗಿ, ಚೀಲದ ಹಿಡಿಯನ್ನು ಕೈಗೆ ಸುತ್ತಿಕೊಂಡ.

ಕೇಳಿದ ನಿಮ್ಮೆಲ್ಲರ ಮನೆಯ ನೀರು ತಂಪಾಗಿರಲಿ, ಹಟ್ಟಿಯ ಹಸುಕರು ಸುಖವಾಗಿರಲಿ, ನೀವು ಹಿಡಿದ ಒಳಿತಿಗೆ ಭಗವಂತ ಜೊತೆ ಕಳಿಸಲಿ.