ತೆರಿಗೆಯವನ ಗಂಟೆ, ತಿಪ್ಪಾಜಮ್ಮನ ಹಂಡೆ

ಹೊನ್ನಗಿರಿ ಎಂಬ ಪುಟ್ಟ ರಾಜ್ಯದಲ್ಲಿ ಚೆನ್ನವೀರ ಎಂಬ ತೆರಿಗೆ ವಸೂಲಿಗಾರನಿದ್ದ. ಅವನ ಕೈಯಲ್ಲಿ ಸದಾ ಒಂದು ಹಿತ್ತಾಳೆ ಗಂಟೆ. ಬೀದಿಗೆ ಬಂದವನೇ ಅದನ್ನು ಬಾರಿಸುವನು. ಜನ ಹಣ ಹಿಡಿದು ಹೊರಗೆ ಬರಬೇಕು. ಬಾರದಿದ್ದರೆ ಅವರ ಜಗಲಿಯ ಮೇಲೆ ಕುಳಿತುಬಿಡುವನು, ಬಾಗಿಲು ತೆರೆಯುವವರೆಗೆ ಏಳುತ್ತಿರಲಿಲ್ಲ. ತನ್ನಷ್ಟು ನಿಷ್ಠೆಯ ಕೆಲಸಗಾರ ಇನ್ನೊಬ್ಬನಿಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಅದೇ ಊರಿನ ಕೋಟೆ ಬೀದಿಯಲ್ಲಿ ಅರಮನೆಯ ಹಳೆಯ ನೌಕರರು ಪಿಂಚಣಿ ಪಡೆದು ಬದುಕುತ್ತಿದ್ದರು. ಆ ಪಿಂಚಣಿಯ ಮೇಲೆ ತೆರಿಗೆ ಇರಲೇಬಾರದಿತ್ತು, ತಪ್ಪಾಗಿ ವಸೂಲಾಗುತ್ತಾ ಬಂದಿದೆ ಎಂದು ಒಂದು ದಿನ ರಾಣಿಗೆ ತಿಳಿಯಿತು. ಅವಳಿಗೆ ನಾಚಿಕೆಯಾಯಿತು. ಪಡೆದದ್ದನ್ನೆಲ್ಲ ದೀಪಾವಳಿಯೊಳಗೆ ಹಿಂದಿರುಗಿಸಬೇಕೆಂದು ಅಪ್ಪಣೆ ಮಾಡಿದಳು.

ಬೊಕ್ಕಸದ ಭಂಡಾರಿ ಹಣದ ಚೀಲಗಳನ್ನು ಚೆನ್ನವೀರನ ಕೈಗಿತ್ತ. ಬಂದು ಕೇಳಿದವರಿಗೆ ಕೊಡು, ಬಾರದವರ ಪಾಲು ಬೊಕ್ಕಸಕ್ಕೇ ಇರಲಿ ಎಂದ.

ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ ಚೆನ್ನವೀರ ಕೋಟೆ ಬೀದಿಯಲ್ಲಿ ನಿಂತು ಗಂಟೆ ಬಾರಿಸಿದ. ಪಟಪಟನೆ ಬಾಗಿಲುಗಳು ಮುಚ್ಚಿಕೊಂಡವು. ಮುದಿ ಮಾವುತನೊಬ್ಬ ಗಾಬರಿಯಲ್ಲಿ ಬಾಗಿಲು ಹಾಕುವುದನ್ನೇ ಮರೆತು ಮಂಚದ ಕೆಳಗೆ ತೂರಿದ. ಅವನ ಪಾದಗಳೆರಡೂ ಹೊರಗೇ ಉಳಿದವು. ಚೆನ್ನವೀರ ಅರಮನೆಯ ಹಳೆಯ ಅಡುಗೆಯವಳಾದ ತಿಪ್ಪಾಜಮ್ಮನ ಬಾಗಿಲು ತಟ್ಟಿದ.

"ತಿಪ್ಪಾಜಮ್ಮ ಊರಲ್ಲಿಲ್ಲಪ್ಪ" ಎಂದಿತು ಒಳಗಿನ ದನಿ.

"ಮತ್ತೆ ಮಾತಾಡ್ತಿರೋದು ಯಾರಜ್ಜಿ?"

"ಹಾಗಂತ ಹೇಳೋಕೆ ನನ್ನ ಕೂರಿಸಿ ಹೋಗಿದಾಳೆ."

ತಾನು ಹಣ ಕೊಡಲು ಬಂದಿರುವುದಾಗಿ ಚೆನ್ನವೀರ ಹೇಳಿದ. ಒಳಗೆ ನಗು ಕೇಳಿಸಿತು.

"ಹೋದ ವರ್ಷ ತೆರಿಗೆಗೆ ಅಂತ ನನ್ನ ಹಂಡೆ ಹೊತ್ಕೊಂಡು ಹೋದೆ. ನಮ್ಮ ಯಜಮಾನರು ಕೊಡಿಸಿದ್ದ ಹಂಡೆ. ಇವತ್ತು ನೀರು ತುಂಬೋ ಹಬ್ಬ, ನಾನು ಯಾವುದಕ್ಕೆ ತುಂಬಲಿ? ಇನ್ನು ಉಳಿದಿರೋದು ಒಲೆ ಒಂದೇ. ಅದು ಕಿತ್ರೂ ಬರಲ್ಲ, ಹೋಗಪ್ಪ."

ಚೆನ್ನವೀರನಿಗೆ ಕೈಯಲ್ಲಿದ್ದ ಗಂಟೆ ಅಂದು ಮೊದಲ ಬಾರಿಗೆ ಭಾರವೆನಿಸಿತು.

ಬೊಕ್ಕಸಕ್ಕೆ ಮರಳಿದ ಅವನಿಂದ ಯಾರೂ ಬರಲಿಲ್ಲ ಎಂದು ಕೇಳಿ ಭಂಡಾರಿಗೆ ಸಂತೋಷವೇ ಆಯಿತು. ಕೊಡಲು ಹೋಗಿದ್ದಾಯಿತಲ್ಲ, ಚೀಲಗಳನ್ನು ಇಟ್ಟು ನೀನೂ ಹಬ್ಬಕ್ಕೆ ಹೊರಡು ಎಂದ. ಚೆನ್ನವೀರ ಚೀಲಗಳನ್ನು ಕೆಳಗಿಡಲಿಲ್ಲ.

"ಬುದ್ಧಿ, ತಗೊಳ್ಳೋವಾಗ ಬಾಗಿಲು ತೆಗೆಯೋ ತನಕ ಕೂತಿದ್ದೆ. ಕೊಡೋವಾಗ ಎದ್ದು ಬಂದ್ರೆ ಹೇಗೆ?"

ಅವನು ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ರಾಣಿಯ ಅಪ್ಪಣೆಯನ್ನು ತೋರಿಸಿ ಜಪ್ತಿ ಸಾಮಾನಿನ ಕೋಣೆಯಿಂದ ತಾಮ್ರದ ಹಂಡೆಯನ್ನು ಬಿಡಿಸಿಕೊಂಡು, ಹೆಗಲ ಮೇಲೆ ಹೊತ್ತು ನಡೆದ. ತಿಪ್ಪಾಜಮ್ಮನ ಬಾಗಿಲು ತಟ್ಟಲಿಲ್ಲ. ಜಗಲಿಯ ಮೇಲೆ ಕುಳಿತು, ಹುಣಸೆಹಣ್ಣು ಹಚ್ಚಿ ಹಂಡೆ ಉಜ್ಜತೊಡಗಿದ.

ಸ್ವಲ್ಪ ಹೊತ್ತಿಗೆ ಕಿಟಕಿ ತೆರೆಯಿತು.

"ಹಾಗಾ ಉಜ್ಜೋದು? ತಳದ ಮಸಿ ಹಾಗೇ ಇದೆ."

"ನನಗೆ ಇಷ್ಟೇ ಬರೋದು ಅಜ್ಜಿ."

ಬಾಗಿಲು ತೆರೆಯಿತು. ತಿಪ್ಪಾಜಮ್ಮ ಸೆರಗು ಸಿಕ್ಕಿಸಿಕೊಂಡು ಹೊರಬಂದು, ಬೂದಿ ತಂದು ಅವನ ಪಕ್ಕ ಕುಳಿತಳು. ಮಸಿ ಬಿಟ್ಟು ತಾಮ್ರ ಬೆಳಗುತ್ತಿದ್ದಂತೆ ಅವಳ ಕೈ ನಿಧಾನವಾಯಿತು. ಒಂದು ಗಳಿಗೆ ಹಂಡೆಯ ಕಂಠವನ್ನು ಸುಮ್ಮನೆ ಸವರಿದಳು. ಚೆನ್ನವೀರ ಹಣದ ಚೀಲವನ್ನು ಅವಳ ಮುಂದಿಟ್ಟು, ಇದು ನಿಮ್ಮದೇ, ತಪ್ಪು ನಮ್ಮದು ಎಂದ.

ಉಳಿದ ಚೀಲಗಳನ್ನು ಹಂಚಲು ತಿಪ್ಪಾಜಮ್ಮನೇ ಮುಂದೆ ನಡೆದಳು. ಅವಳ ದನಿಗೆ ಪ್ರತಿ ಬಾಗಿಲೂ ತೆರೆಯಿತು. ಮಾವುತನೊಬ್ಬನನ್ನು ಮಾತ್ರ ಕಾಲು ಹಿಡಿದು ಎಳೆಯಬೇಕಾಯಿತು.

ಸಂಜೆ ಹಂಡೆಯ ಕಂಠಕ್ಕೆ ಹಾಗಲಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡಿದರು. ಮೊದಲ ಬಿಂದಿಗೆ ನೀರು ಸುರಿದವನು ಚೆನ್ನವೀರ. ಹೊರಡುವಾಗ ತಿಪ್ಪಾಜಮ್ಮ ಅವನ ಸೊಂಟದ ಗಂಟೆಯನ್ನು ಕೇಳಿ ಪಡೆದು, ಬಟ್ಟೆ ಬಿಚ್ಚಿ ತನ್ನ ಕರುವಿನ ಕೊರಳಿಗೆ ಕಟ್ಟಿದಳು. ಮರುದಿನ ಕರು ಬೀದಿಯುದ್ದಕ್ಕೂ ಕುಣಿಯಿತು. ಗಂಟೆ ಕೇಳಿದ ಮನೆಗಳಲ್ಲೆಲ್ಲ ಎಣ್ಣೆ ಸ್ನಾನ ಮುಗಿಸಿದ ಮುದುಕರು ಬಾಗಿಲು ತೆರೆದು ಹೊರಗೆ ಬಂದರು.

ನೀತಿ: ಪಡೆಯುವಾಗ ಇನ್ನೊಬ್ಬರ ಮನೆಯ ದಾರಿ ನಮಗೆ ಗೊತ್ತಿರುತ್ತದೆ. ಹಿಂದಿರುಗಿಸುವಾಗಲೂ ಅದೇ ದಾರಿಯಲ್ಲಿ ನಾವೇ ನಡೆಯಬೇಕು. ಅವರು ಬಂದು ಕೇಳಲಿಲ್ಲ ಎಂಬ ಮಾತ್ರಕ್ಕೆ ಅವರದು ನಮ್ಮದಾಗುವುದಿಲ್ಲ.