ಇಬ್ಬರಿಗೂ ಲಾಭ

ಹೊಂಡದ ದಡದಲ್ಲಿ ಎಮ್ಮೆಯೂ ಬೆಳ್ಳಕ್ಕಿಯೂ ಒಪ್ಪಂದ ಮಾಡಿಕೊಂಡವು. ಬೆಳ್ಳಕ್ಕಿ ಎಮ್ಮೆಯ ಮೈಮೇಲಿನ ಉಣ್ಣಿ ಹೆಕ್ಕಬೇಕು. ಎಮ್ಮೆ ದಿನವೂ ನೀರಿಗಿಳಿದು ಹೊರಳಾಡಬೇಕು.

ಕೆಳಗಿದ್ದ ಮುದಿ ಮೀನಿಗೆ ಅನುಮಾನ ಬಂತು. "ಎಮ್ಮೆ ಹೊರಳಾಡಿದರೆ ನಿನಗೇನಪ್ಪ ಸಿಗುತ್ತದೆ?" ಎಂದು ಬೆಳ್ಳಕ್ಕಿಯನ್ನು ಕೇಳಿತು.

"ಅದು ನಮ್ಮಿಬ್ಬರ ವ್ಯವಹಾರ. ಇಬ್ಬರೂ ಮನಸಾರೆ ಒಪ್ಪಿದ್ದೇವೆ. ನಡುವೆ ನಿನ್ನದೇನು?"

"ಇಬ್ಬರಿಗೂ ಲಾಭವೆಂದರೆ, ನಷ್ಟ ಯಾರ ಮನೆಗೆ ಹೋಯಿತೋ ನೋಡಬೇಕಲ್ಲ," ಎಂದ ಮೀನು ತನ್ನ ಮರಿಗಳಿಗೆ ಮೇಲೆ ಹೋಗಬೇಡಿರೆಂದು ಹೇಳಿ, ಅವನ್ನು ಕರೆದುಕೊಂಡು ಆಳಕ್ಕೆ ಸರಿಯಿತು.

ಎಮ್ಮೆ ಹೊರಳಾಡಿತು. ನೀರು ತಳದವರೆಗೂ ರಾಡಿಯಾಯಿತು. ಉಸಿರು ಕಟ್ಟಿದ ಮರಿಗಳು ತಾಯಿಯ ಮಾತು ಮೀರಿ ಒಂದೊಂದಾಗಿ ಮೇಲೆ ಹೋದವು. ಒಂದೂ ಹಿಂದಿರುಗಲಿಲ್ಲ.

ಮೇಲೆ ಎಮ್ಮೆ ಕೇಳುತ್ತಿದ್ದುದು ಮುದಿ ಮೀನಿಗೆ ಕೇಳಿಸಿತು: "ನಮ್ಮ ಒಪ್ಪಂದದಿಂದ ಯಾರಿಗಾದರೂ ತೊಂದರೆಯಾಯಿತೇ?"

ಬೆಳ್ಳಕ್ಕಿಯ ಬಾಯಿ ತುಂಬಿತ್ತು.